ಮೊಬೈಲ್ ಸಂದೇಶದಲ್ಲಿ ಬಹುಮಾನ ಯೋಜನೆ: ಕಾಸರಗೋಡಿನ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬದಿಯಡ್ಕ ಪೇಟೆಯಲ್ಲಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವವನು. ಎಸ್‌ಎಂಎಸ್ ಕಳುಹಿಸುವ ಕೆಲಸ ಅದರ ಬೆನ್ನಿಗೆ ಬಂದು ಅಂಟಿಕೊಂಡಿತು. ಓಣಂಗೆ ಒಂದು ತಿಂಗಳಿದೆ ಎನ್ನುವಾಗ ಕುಂಬಳೆ, ಉಪ್ಪಳ, ಪೆರ್ಲ, ಮುಳ್ಳೇರಿಯ ಕಡೆಯಿಂದ ಕರೆಗಳು ಶುರುವಾಗುತ್ತವೆ. ಹೆಚ್ಚಿನವರ ಪ್ರಶ್ನೆಗಳು ಒಂದೇ ಬಗೆಯವು. ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಸಂದೇಶದ ಟೆಂಪ್ಲೇಟ್‌ಗೆ, ಅಂದರೆ ಕಳುಹಿಸುವ ಮಾತುಗಳ ಮಾದರಿಗೆ, ಮೊಬೈಲ್ ಕಂಪನಿಯ ಒಪ್ಪಿಗೆ ಸಿಕ್ಕಿದೆ. ಇನ್ನು ಬಹುಮಾನ ಯೋಜನೆ ನಡೆಸಬಹುದಲ್ಲ?

ಎಲ್ಲಕ್ಕಿಂತ ಮೊದಲು ಈ ಪ್ರಶ್ನೆಗೆ ಉತ್ತರ ಹೇಳಬೇಕು, ಏಕೆಂದರೆ ಕೈ ಸುಟ್ಟುಕೊಂಡವರೆಲ್ಲ ಇಲ್ಲಿಯೇ ಎಡವಿದ್ದಾರೆ. ಮೊಬೈಲ್ ಕಂಪನಿ ನೋಡುವುದು ಸಂದೇಶವನ್ನು: ಕಳುಹಿಸುವವರು ಯಾರು, ಯಾವ ಹೆಸರಿನಲ್ಲಿ, ಯಾರ ಒಪ್ಪಿಗೆಯಿಂದ, ಯಾವ ಮಾತುಗಳಲ್ಲಿ. ನಿಮ್ಮ ಯೋಜನೆ ಲಾಟರಿಯೇ, ಜೂಜೇ, ಬಹುಮಾನ ಚೀಟಿಯೇ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಅಂಚೆಯವನು ಪತ್ರ ತಲುಪಿಸಿದ ಎಂದ ಮಾತ್ರಕ್ಕೆ ಪತ್ರದಲ್ಲಿರುವ ಕರಾರಿಗೆ ಅವನು ಸಾಕ್ಷಿಯಾಗುವುದಿಲ್ಲ. ಟೆಂಪ್ಲೇಟ್‌ನ ಒಪ್ಪಿಗೆಯನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದರೂ ಪೊಲೀಸರ ಮುಂದೆ ಅದಕ್ಕೆ ಬೆಲೆಯಿಲ್ಲ.

ಹಾಗಾದರೆ ಯಾವುದು ಲಾಟರಿ, ಯಾವುದು ಅಲ್ಲ?

ಮೂರು ಸಂಗತಿಗಳು ಒಟ್ಟಾದರೆ ಲಾಟರಿ: ಬಹುಮಾನ, ಅದೃಷ್ಟದ ಮೇಲಿನ ಆಯ್ಕೆ, ಭಾಗವಹಿಸಲು ಕೊಟ್ಟ ಹಣ. ಇವುಗಳಲ್ಲಿ ಒಂದನ್ನು ನಿಜವಾಗಿಯೂ ತೆಗೆದುಹಾಕಿದರೆ ಲಾಟರಿ ಕಾಯ್ದೆಯ ಹಿಡಿತ ಸಡಿಲವಾಗುತ್ತದೆ. 1998ರ ಲಾಟರಿ ನಿಯಂತ್ರಣ ಕಾಯ್ದೆಯು ಟಿಕೆಟ್ ಕೊಂಡವರಿಗೆ ಅದೃಷ್ಟದ ಮೇಲೆ ಬಹುಮಾನ ಹಂಚುವ ಯೋಜನೆಯನ್ನು, ‘ಯಾವ ಹೆಸರಿನಿಂದ ಕರೆದರೂ’, ಲಾಟರಿ ಎಂದೇ ಹೇಳುತ್ತದೆ. ‘ಯಾವ ಹೆಸರಿನಿಂದ ಕರೆದರೂ’ ಎಂಬ ಮಾತನ್ನು ನೆನಪಿಡಿ. ಲಕ್ಕಿ ಡ್ರಾ, ಸಮ್ಮಾನ ಕೂಪನ್, ನರುಕ್ಕೆಡುಪ್ಪು, ಅದೃಷ್ಟ ಚೀಟಿ ಎಂದೆಲ್ಲ ಹೆಸರು ಬದಲಿಸಿದರೆ ಜಾತಕ ಬದಲಾಗುವುದಿಲ್ಲ.

ಲಾಟರಿ ನಡೆಸುವ ಹಕ್ಕು ಸರಕಾರಕ್ಕೆ ಮಾತ್ರ. ಕೇರಳದಲ್ಲಿ ಅದಕ್ಕಾಗಿ 1967ರಲ್ಲಿ ಪ್ರತ್ಯೇಕ ಇಲಾಖೆಯೇ ಹುಟ್ಟಿತು. 1968ರ ಜನವರಿ 26ರಂದು ಮೊದಲ ಡ್ರಾ ನಡೆಯಿತು. ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ. ಸರಕಾರವೇ ಇಷ್ಟು ದೊಡ್ಡ ಅಂಗಡಿ ತೆರೆದು ಕುಳಿತಿರುವ ರಾಜ್ಯದಲ್ಲಿ ನೀವು ಪಕ್ಕದಲ್ಲಿ ಚಿಕ್ಕ ಗೂಡಂಗಡಿ ತೆರೆದರೆ ಕಣ್ಣಿಗೆ ಬೀಳದೆ ಇರುವುದಿಲ್ಲ. ಸರಕಾರದ ಅನುಮತಿಯಿಲ್ಲದೆ ಲಾಟರಿ ಎಳೆಯುವ ಜಾಗವನ್ನು ಇಟ್ಟುಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ದಂಡ, ಅಥವಾ ಎರಡೂ. ಅದರ ಪ್ರಚಾರ ಪ್ರಕಟಿಸಿದವರಿಗೆ ಐದು ಸಾವಿರ ರೂಪಾಯಿಯವರೆಗೆ ದಂಡ. ಹಳೆಯ ದಂಡ ಸಂಹಿತೆಯ 294ಎ ಎಂದು ಹಿರಿಯ ವಕೀಲರು ಹೇಳುವುದು ಇದನ್ನೇ. 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ.

ನಾವು ಟಿಕೆಟ್ ಮಾರುವುದಿಲ್ಲ. 1,000 ರೂಪಾಯಿಗೆ ಬಟ್ಟೆ ಕೊಂಡವರು ಬಿಲ್ ಸಂಖ್ಯೆಯನ್ನು ಎಸ್‌ಎಂಎಸ್ ಮಾಡಿದರೆ ಡ್ರಾದಲ್ಲಿ ಸೇರಿಸುತ್ತೇವೆ. ಇದು ಸರಿಯೇ?

ಊರಲ್ಲೆಲ್ಲ ನಡೆಯುವುದು ಇದೇ. ಎಲ್ಲರೂ ಮಾಡುತ್ತಾರೆ ಎಂಬುದು ಉತ್ತರವಲ್ಲ.

ಗಿರಾಕಿ ಕೊಟ್ಟ 1,000 ರೂಪಾಯಿ ಬಟ್ಟೆಗೆ ಕೊಟ್ಟದ್ದು, ಡ್ರಾಗೆ ಅಲ್ಲ ಎಂಬುದು ಅಂಗಡಿಯವರ ವಾದ. ಬೆಲೆ ಏರಿಸದೆ, ಮೊನ್ನೆ 1,000ಕ್ಕೆ ಸಿಗುತ್ತಿದ್ದ ಸೀರೆ ಇಂದೂ ಅಷ್ಟಕ್ಕೇ ಸಿಕ್ಕುತ್ತಿದ್ದರೆ ಆ ವಾದಕ್ಕೆ ಕಾಲಿದೆ. ಡ್ರಾ ಶುರುವಾದ ದಿನವೇ 1,080 ಆಗಿದ್ದರೆ ಟಿಕೆಟ್ಟಿನ ಹಣ ಸೀರೆಯ ಮಡಿಕೆಯಲ್ಲಿ ಕುಳಿತಿದೆ ಎಂದೇ ಅರ್ಥ.

ಇದಕ್ಕಿಂತ ಗಟ್ಟಿಯಾದ ಗಂಟು ಬೇರೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ‘ಅನುಚಿತ ವ್ಯಾಪಾರ ಪದ್ಧತಿ’ ಯಾವುದು ಎಂದು ಹೇಳುವಾಗ ಮೂರು ಮಾತು ಸೇರಿಸುತ್ತದೆ. ಕೊಡುವ ಮನಸ್ಸಿಲ್ಲದೆ ಬಹುಮಾನ ಘೋಷಿಸುವುದು, ಅಥವಾ ಬೆಲೆಯೊಳಗೇ ವಸೂಲಿ ಮಾಡಿ ಉಚಿತ ಎನ್ನುವುದು ಒಂದು. ಮಾರಾಟ ಹೆಚ್ಚಿಸಲೆಂದು ಸ್ಪರ್ಧೆ, ಲಾಟರಿ, ಅದೃಷ್ಟದ ಅಥವಾ ಕೌಶಲದ ಆಟ ನಡೆಸುವುದು ಇನ್ನೊಂದು. ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವುದು ಮತ್ತೊಂದು. ಎರಡನೆಯದನ್ನು ಅಕ್ಷರಶಃ ಓದಿದರೆ ಪೇಟೆಯ ಅರ್ಧ ಅಂಗಡಿಗಳು ಸಿಕ್ಕಿಬೀಳುತ್ತವೆ. ಇಲ್ಲಿ ಜೈಲಿನ ಮಾತಿಲ್ಲ. ಆದರೆ ಬೇಸರಗೊಂಡ ಒಬ್ಬ ಗಿರಾಕಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ, ಯೋಜನೆ ನಿಲ್ಲಿಸಿ ಎನ್ನುವ, ಪರಿಹಾರ ಕೊಡಿ ಎನ್ನುವ ಅಧಿಕಾರ ಆಯೋಗಕ್ಕಿದೆ.

ನನ್ನ ಅಭಿಪ್ರಾಯ ಕೇಳಿದರೆ, ಖರೀದಿಯ ಷರತ್ತನ್ನೇ ಬಿಡಿ. ‘ಖರೀದಿ ಕಡ್ಡಾಯವಲ್ಲ, ಯಾರು ಬೇಕಾದರೂ ಭಾಗವಹಿಸಬಹುದು’ ಎಂದು ಸಂದೇಶದಲ್ಲೂ ಅಂಗಡಿಯ ಫಲಕದಲ್ಲೂ ಬರೆಯಿರಿ; ಬರೆದ ಮೇಲೆ ಹಾಗೆಯೇ ನಡೆದುಕೊಳ್ಳಿ. ಅಪಾಯ ಪೂರ್ತಿ ಹೋಗುವುದಿಲ್ಲ, ಆದರೆ ಬಹಳ ಇಳಿಯುತ್ತದೆ. ಡ್ರಾ ಬೇಡವೇ ಬೇಡ ಎಂದಾದರೆ, 1,000 ರೂಪಾಯಿಗೆ ಕೊಂಡ ಪ್ರತಿಯೊಬ್ಬರಿಗೂ ಒಂದು ಸ್ಟೀಲ್ ಡಬ್ಬಿ ಕೊಡಿ. ಅದರಲ್ಲಿ ಅದೃಷ್ಟವಿಲ್ಲ, ಹಾಗಾಗಿ ಜಗಳವೂ ಇಲ್ಲ.

ತಿಂಗಳಿಗೆ 500 ಕಟ್ಟುವ ‘ಲಕ್ಕಿ ಸ್ಕೀಮ್’ನ ಡ್ರಾ ಫಲಿತಾಂಶವನ್ನು ಸದಸ್ಯರಿಗೆ ಎಸ್‌ಎಂಎಸ್ ಮಾಡಿಕೊಡುತ್ತೀರಾ?

ಇಲ್ಲ.

ಇಷ್ಟಕ್ಕೇ ಬಿಡುತ್ತಿದ್ದೆ, ಆದರೆ ಮಂಗಳೂರಿನಿಂದ ಕಾಞಂಗಾಡಿನವರೆಗೆ ಈ ಸ್ಕೀಮ್‌ಗಳು ಎಷ್ಟು ಸಾಮಾನ್ಯವೆಂದರೆ ಕಾರಣ ಹೇಳದಿದ್ದರೆ ನನ್ನನ್ನೇ ದುರಹಂಕಾರಿ ಎನ್ನುತ್ತಾರೆ. ಕಂತಿನಲ್ಲಿ ಹಣ ಸಂಗ್ರಹಿಸಿ, ತಿಂಗಳಿಗೊಮ್ಮೆ ಚೀಟಿ ಎತ್ತಿ, ಗೆದ್ದವರಿಗೆ ಬೈಕೋ ಚಿನ್ನವೋ ಕೊಟ್ಟು, ಗೆಲ್ಲದವರಿಗೆ ಕೊನೆಯಲ್ಲಿ ಹಣವನ್ನೋ ಸಾಮಾನನ್ನೋ ಕೊಡುವ ಯೋಜನೆ 1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ನಿಷೇಧಿಸಿದ ಯೋಜನೆಯೇ. ನಡೆಸಿದವರಿಗೆ ಮೂರು ವರ್ಷದವರೆಗೆ ಸೆರೆ. ಅದರ ಕೂಪನ್ ಮುದ್ರಿಸಿದವರಿಗೆ, ಜಾಹೀರಾತು ಹಂಚಿದವರಿಗೆ ಎರಡು ವರ್ಷದವರೆಗೆ. ಎಸ್‌ಎಂಎಸ್ ಹಂಚುವ ನಾನು ಆ ಎರಡನೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಸಾಲದ್ದಕ್ಕೆ, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆಯೂ ಬಂದಿದೆ.

1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚಿಟ್ಟಿ ಬೇರೆ. ಅಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಸರದಿಯಂತೆ ಮೊತ್ತ ಸಿಗುತ್ತದೆ, ಗೆದ್ದವನು ಕಂತು ಕಟ್ಟುವುದನ್ನು ನಿಲ್ಲಿಸಿ ಹೊರಗೆ ಹೋಗುವುದಿಲ್ಲ.

ನಮ್ಮದು ಕಲೆ ಮತ್ತು ಕ್ರೀಡೆಯ ಕ್ಲಬ್. ಯಕ್ಷಗಾನ ಬಯಲಾಟದ ಖರ್ಚಿಗೆ 50 ರೂಪಾಯಿಯ ಕೂಪನ್ ಮಾರಿ ಡ್ರಾ ಇಡುತ್ತೇವೆ. ಧರ್ಮದ ಕೆಲಸವಲ್ಲವೇ?

ಉದ್ದೇಶ ಒಳ್ಳೆಯದು, ರೂಪ ಲಾಟರಿಯದು. ಕಾನೂನು ರೂಪವನ್ನು ನೋಡುತ್ತದೆ. ದೇಣಿಗೆಗೆ ರಸೀದಿ ಕೊಡಿ. ಬೇಕಿದ್ದರೆ ಆಟದ ದಿನ ಬಂದ ಎಲ್ಲ ಪ್ರೇಕ್ಷಕರ ಹೆಸರನ್ನೂ, ದೇಣಿಗೆ ಕೊಟ್ಟವರು ಕೊಡದವರು ಎಂದು ನೋಡದೆ, ಡಬ್ಬದಲ್ಲಿ ಹಾಕಿ ಒಂದು ಚೀಟಿ ಎತ್ತಿ. ಎರಡನ್ನೂ ಗಂಟು ಹಾಕಬೇಡಿ.

ಅದೃಷ್ಟದ ಬದಲು ಪ್ರಶ್ನೆ ಕೇಳಿದರೆ? ‘ಕಾಸರಗೋಡು ಜಿಲ್ಲೆ ಯಾವಾಗ ಆಯಿತು? ಉತ್ತರವನ್ನು ಎಸ್‌ಎಂಎಸ್ ಮಾಡಿ’ ಎಂಬಂತೆ?

1984ರ ಮೇ 24. ಉತ್ತರ ಎಲ್ಲರಿಗೂ ಗೊತ್ತು, ಅದೇ ತೊಂದರೆ. ಸಾವಿರ ಜನ ಸರಿಯುತ್ತರ ಕಳುಹಿಸಿದ ಮೇಲೆ ಒಬ್ಬರನ್ನು ಚೀಟಿ ಎತ್ತಿ ಆರಿಸಿದರೆ ಕೌಶಲ ಎಲ್ಲಿ ಉಳಿಯಿತು? ಮೇಲೆ ಪ್ರಶ್ನೆಯ ಬಣ್ಣ, ಒಳಗೆ ಡ್ರಾ. ಕೌಶಲ ಎನ್ನಬೇಕಾದರೆ ಗೆಲುವು ಮುಖ್ಯವಾಗಿ ಜಾಣ್ಮೆಯಿಂದಲೇ ಬರಬೇಕು: ಎರಡು ಸಾಲಿನ ಚುಟುಕ ಬರೆಸಿ, ತೀರ್ಪುಗಾರರನ್ನು ಕೂರಿಸಿ, ಅಂಕಗಳ ಹಾಳೆ ಇಟ್ಟುಕೊಳ್ಳಿ. ಕೇರಳ ಗೇಮಿಂಗ್ ಕಾಯ್ದೆ 1960ರದ್ದು. ಬರೀ ಕೌಶಲದ ಆಟಗಳಿಗೆ ಅದರಲ್ಲಿ ವಿನಾಯಿತಿ ಇದೆ.

ಪದಬಂಧ, ಅಕ್ಷರ ಜೋಡಣೆಯ ಒಗಟುಗಳಿಗೆ 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ಎಂಬ ಹಳೆಯ ಕಾನೂನೊಂದಿದೆ. ತಿಂಗಳಿಗೆ ಒಟ್ಟು ಬಹುಮಾನ 1,000 ರೂಪಾಯಿ ದಾಟಬಾರದು ಎಂದು ಅದು ಹೇಳುತ್ತದೆ. ಇಂದಿನ ಕಾಲಕ್ಕೆ ನಗು ಬರಿಸುವ ಮೊತ್ತ. ಮುಖ್ಯವಾಗಿ ಕೌಶಲವನ್ನೇ ಅವಲಂಬಿಸಿದ ಸ್ಪರ್ಧೆಗಳಿಗೆ ಇದು ಅನ್ವಯಿಸುವುದಿಲ್ಲ ಎಂದು 1957ರಲ್ಲಿ ಸುಪ್ರೀಂ ಕೋರ್ಟು ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಹೇಳಿತು. ಕಾಯ್ದೆ ಬಂದಾಗ ಕಾಸರಗೋಡು ಇನ್ನೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ.

ಭಾಗವಹಿಸಲು ಹಣ ಕಟ್ಟಿಸಿಕೊಂಡು ಮೊಬೈಲ್‌ನಲ್ಲಿ ಆಟ ಆಡಿಸುವ ಯೋಚನೆ ಇದ್ದರೆ ಈಗಲೇ ಕೈಬಿಡಿ. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನೇ ಮಾಡುವುದಿಲ್ಲ.

ಸ್ಪರ್ಧಿಗಳು ಕಳುಹಿಸುವ ಎಸ್‌ಎಂಎಸ್‌ಗೆ ದುಬಾರಿ ದರ ಇಟ್ಟು ಅದರಲ್ಲಿ ನಮಗೂ ಪಾಲು ಬರುವಂತೆ ಮಾಡಬಹುದೇ?

ಇದರ ಕಥೆ ದೊಡ್ಡದು. 2007ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದ ಜೊತೆಗೆ ಮನೆಯಲ್ಲಿ ಕುಳಿತವರಿಗೆಂದು ಎಸ್‌ಎಂಎಸ್ ಸ್ಪರ್ಧೆ ನಡೆಯಿತು. ಸರಿಯುತ್ತರ ಕಳುಹಿಸಿದವರಲ್ಲಿ ಒಬ್ಬರಿಗೆ ಎರಡು ಲಕ್ಷ ರೂಪಾಯಿ. ಒಂದು ಸಂದೇಶಕ್ಕೆ 2.40 ರೂಪಾಯಿ. ಬಹುಮಾನ ಉಚಿತವಲ್ಲ, ಜನರ ಎಸ್‌ಎಂಎಸ್ ಹಣದಿಂದಲೇ ಬರುತ್ತಿದೆ ಎಂದು ಒಂದು ಗ್ರಾಹಕ ಸಂಸ್ಥೆ ದೂರು ಕೊಟ್ಟಿತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ದೂರನ್ನು ಎತ್ತಿಹಿಡಿದು, ವಾಹಿನಿ ಮತ್ತು ಮೊಬೈಲ್ ಕಂಪನಿಗೆ ಒಂದು ಕೋಟಿ ರೂಪಾಯಿಯ ದಂಡರೂಪದ ಪರಿಹಾರ ವಿಧಿಸಿತು. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ತಳ್ಳಿಹಾಕಿತು. ಬಹುಮಾನದ ಹಣ ಎಸ್‌ಎಂಎಸ್ ದರದಿಂದಲೇ ಬಂತು ಎಂಬುದಕ್ಕೆ ಪುರಾವೆ ಸಾಲದು ಎಂಬುದು ಕಾರಣ.

ಇದನ್ನು ಓದಿದ ಒಬ್ಬರು ‘ಹಾಗಾದರೆ ದುಬಾರಿ ದರ ಇಡಬಹುದು’ ಎಂದು ನನಗೆ ವಾದಿಸಿದರು. ನಾನು ಓದುವುದು ತಿರುಗುಮುರುಗಾಗಿ. ಅಲ್ಲಿ ಪುರಾವೆ ಇರಲಿಲ್ಲ. ನಿಮ್ಮ ಲೆಕ್ಕಪುಸ್ತಕದಲ್ಲಿ ‘ಎಸ್‌ಎಂಎಸ್ ಪಾಲು’ ಎಂಬ ಜಮಾ ಸಾಲೇ ಇದ್ದರೆ ಪುರಾವೆಯನ್ನು ನೀವೇ ಬರೆದುಕೊಟ್ಟಂತೆ. ಹತ್ತಂಕಿಯ ಸಾಮಾನ್ಯ ಸಂಖ್ಯೆಗೆ ಸಂದೇಶ ಬರುವಂತೆ ಮಾಡಿ, ಅಥವಾ ಮಿಸ್ಡ್ ಕಾಲ್ ಸಾಕು ಎನ್ನಿ.

ಸರಿ, ಈಗ ಎಸ್‌ಎಂಎಸ್ ಕಡೆಗೆ. ಏನೇನು ನೋಂದಣಿ ಬೇಕು?

2018ರ ಜುಲೈಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರಡಿಸಿದ ವಾಣಿಜ್ಯ ಸಂದೇಶ ನಿಯಮಗಳ ಪ್ರಕಾರ ಅಂಗಡಿ ಮೊದಲು ಡಿಎಲ್‌ಟಿ ಎಂಬ, ಮೊಬೈಲ್ ಕಂಪನಿಗಳು ಇಟ್ಟುಕೊಂಡ ನೋಂದಣಿ ಕಣಜದಲ್ಲಿ ಹೆಸರು ಬರೆಸಬೇಕು. ಏರ್‌ಟೆಲ್, ಜಿಯೋ, ವಿ, ಬಿಎಸ್ಸೆನ್ನೆಲ್, ಯಾವುದಾದರೊಂದು ಕಂಪನಿಯ ಡಿಎಲ್‌ಟಿಯಲ್ಲಿ ಮಾಡಿದರೆ ಸಾಕು. ಶುಲ್ಕ ಕಂಪನಿಯಿಂದ ಕಂಪನಿಗೆ ಬೇರೆ. ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಅಧಿಕಾರ ಪತ್ರ ಬೇಕು. ಆಮೇಲೆ ಹೆಡರ್, ಅಂದರೆ ಸಂದೇಶದ ತಲೆಯಲ್ಲಿ ಕಾಣುವ ಕಿರು ಗುರುತು. ಅದಾದ ಮೇಲೆ ಟೆಂಪ್ಲೇಟ್. ಕೊನೆಗೆ ನೋಂದಾಯಿತ ಟೆಲಿಮಾರ್ಕೆಟರ್ ಮೂಲಕ ಕಳುಹಿಸುವುದು. 2024ರ ಡಿಸೆಂಬರ್‌ನಿಂದ ಅಂಗಡಿಯಿಂದ ಟೆಲಿಮಾರ್ಕೆಟರ್‌ವರೆಗಿನ ಇಡೀ ಸರಪಳಿ ದಾಖಲಾಗಿರಬೇಕು. ನಡುವೆ ಒಂದು ಕೊಂಡಿ ಕಾಣೆಯಾದರೆ ಸಂದೇಶ ಹೋಗುವುದಿಲ್ಲ.

ಹೆಡರ್‌ನ ಮುಂದೆ ಬರುವ ಎರಡು ಅಕ್ಷರಗಳಲ್ಲಿ ಮೊದಲನೆಯದು ಕಂಪನಿ, ಎರಡನೆಯದು ವಲಯ. ಕೇರಳಕ್ಕೆ ‘ಎಲ್’, ಕರ್ನಾಟಕಕ್ಕೆ ‘ಎಕ್ಸ್’. 2025ರ ಫೆಬ್ರವರಿಯ ತಿದ್ದುಪಡಿಯ ನಂತರ ಕೊನೆಯಲ್ಲೂ ಒಂದು ಅಕ್ಷರ ಬಂದಿದೆ: ಪ್ರಚಾರಕ್ಕೆ ‘ಪಿ’, ಸೇವೆಗೆ ‘ಎಸ್’, ವ್ಯವಹಾರಕ್ಕೆ ‘ಟಿ’, ಸರಕಾರಕ್ಕೆ ‘ಜಿ’. ಬಹುಮಾನದ ಆಹ್ವಾನ ಯಾವ ಕೋನದಿಂದ ನೋಡಿದರೂ ‘ಪಿ’. ಅದನ್ನು ‘ನಿಮ್ಮ ಬಿಲ್ ಸಿದ್ಧವಾಗಿದೆ, ಜೊತೆಗೆ...’ ಎಂದು ಸೇವಾ ಸಂದೇಶದಲ್ಲಿ ನುಸುಳಿಸಲು ನೋಡಬೇಡಿ.

ಇಷ್ಟೆಲ್ಲ ಯಾಕೆ? ನನ್ನ ಸ್ವಂತ ಸಿಮ್‌ನಿಂದಲೇ ದಿನಕ್ಕೆ ನೂರು ಕಳುಹಿಸುತ್ತೇನೆ.

ಪ್ಲಾನ್‌ನಲ್ಲಿ ನೂರು ಎಸ್‌ಎಂಎಸ್ ಉಚಿತ ಇರುವುದು ನಿಮ್ಮ ಸಂಸಾರದ ಮಾತಿಗೆ. ಹತ್ತಂಕಿಯ ಸಂಖ್ಯೆಯಿಂದ ವ್ಯಾಪಾರದ ಪ್ರಚಾರ ಮಾಡುವಂತಿಲ್ಲ. ಹತ್ತು ದಿನಗಳಲ್ಲಿ ಐದು ದೂರು ಬಿದ್ದರೆ ಕ್ರಮ ಶುರು. ಮೊದಲ ತಪ್ಪಿಗೆ 15 ದಿನ ಹೊರಹೋಗುವ ಸೇವೆ ಬಂದ್. ಮತ್ತೆ ಮಾಡಿದರೆ ಎಲ್ಲ ಕಂಪನಿಗಳ ಸಂಪರ್ಕವೂ ಒಂದು ವರ್ಷ ಕಡಿತ. ಓಣಂ ವ್ಯಾಪಾರದ ನಡುವೆ ಅಂಗಡಿಯ ಫೋನ್ ಹದಿನೈದು ದಿನ ಮೂಕವಾದರೆ ಬಹುಮಾನಕ್ಕಿಟ್ಟ ಮಿಕ್ಸಿಯ ಬೆಲೆಗಿಂತ ಹೆಚ್ಚು ನಷ್ಟ.

ಕನ್ನಡದಲ್ಲಿ ಸಂದೇಶ ಕಳುಹಿಸಬಹುದೇ?

ಕಳುಹಿಸಲೇಬೇಕು ಎನ್ನುತ್ತೇನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಓದುವ ಗಿರಾಕಿಗೆ ಇಂಗ್ಲಿಷ್ ಲಿಪಿಯಲ್ಲಿ ‘ಬಂಪರ್ ಆಫರ್’ ಎಂದು ಕಳುಹಿಸಿದರೆ ಅದು ಹತ್ತರಲ್ಲಿ ಹನ್ನೊಂದನೆಯದು. ಆದರೆ ಲೆಕ್ಕ ಗೊತ್ತಿರಬೇಕು.

ಇಂಗ್ಲಿಷ್ ಲಿಪಿಯ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70. ಉದ್ದವಾಗಿ ಎರಡು ಮೂರು ತುಂಡು ಜೋಡಿಸಬೇಕಾದರೆ ತುಂಡಿಗೆ 67 ಮಾತ್ರ. ಈ ಎಣಿಕೆ ನಮ್ಮ ಕಾಗುಣಿತದ ಎಣಿಕೆಯಲ್ಲ. ‘ಓಣಂ ಸ್ಪರ್ಧೆ’ ಎಂದು ಬರೆಯಿರಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯಂತ್ರಕ್ಕೆ ಸ, ಅದರ ವಿರಾಮ ಚಿಹ್ನೆ, ಪ, ರ, ಮತ್ತೊಂದು ವಿರಾಮ ಚಿಹ್ನೆ, ಧ, ಎತ್ವ ಎಲ್ಲವೂ ಬೇರೆ ಬೇರೆ. ನಡುವಿನ ಖಾಲಿ ಜಾಗವೂ ಸೇರಿ 11. ಒಟ್ಟು 140 ಆಯಿತೆಂದರೆ ಎರಡು ಸಂದೇಶದ ದುಡ್ಡಲ್ಲ, ಮೂರರದ್ದು. ಹಾಗೆಂದು ಮುಕ್ಕಾಲು ಇಂಗ್ಲಿಷ್ ಲಿಪಿಯಲ್ಲಿ ಬರೆದು ಅಂಗಡಿಯ ಹೆಸರು ಮಾತ್ರ ಕನ್ನಡದಲ್ಲಿ ಹಾಕಿದರೂ ಇಡೀ ಸಂದೇಶ 70ರ ಲೆಕ್ಕಕ್ಕೆ ಬೀಳುತ್ತದೆ.

ಇನ್ನೊಂದು ಸೂಕ್ಷ್ಮ. ನೀವು ಕಳುಹಿಸುವ ಪಠ್ಯ ಒಪ್ಪಿಗೆ ಪಡೆದ ಟೆಂಪ್ಲೇಟ್‌ಗೆ ಅಕ್ಷರ ಅಕ್ಷರ ಹೊಂದಬೇಕು. ಡಿಟಿಪಿ ಅಂಗಡಿಯವರು ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚು ಮಾಡಿ ಯೂನಿಕೋಡ್‌ಗೆ ಪರಿವರ್ತಿಸಿಕೊಡುತ್ತಾರೆ. ‘ಕಾಸರಗೋಡು’ ಪದದ ‘ಗೋ’ ಕೆಲವೊಮ್ಮೆ ಒಂದೇ ಸ್ವರಚಿಹ್ನೆಯಾಗಿ, ಕೆಲವೊಮ್ಮೆ ತುಂಡು ತುಂಡಾಗಿ ಬರುತ್ತದೆ. ‘ಮಾರ್ಕೆಟ್‌ನಲ್ಲಿ’ ಎಂಬಲ್ಲಿ ಟಕಾರಕ್ಕೂ ನಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಚಿಹ್ನೆಯೊಂದು ಅಡಗಿರುತ್ತದೆ. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆ, ಸಂದೇಶ ತಿರಸ್ಕೃತ. ಒಂದು ಇಡೀ ಮಧ್ಯಾಹ್ನ ನಾನು ಇದರ ಹಿಂದೆ ಬಿದ್ದಿದ್ದೆ. ಡಿಎಲ್‌ಟಿಗೆ ಏರಿಸಿದ ಪಠ್ಯವನ್ನೇ ನಕಲು ಮಾಡಿ ಬಳಸಿ. ಮತ್ತೆ ಬೆರಳಚ್ಚು ಮಾಡಿಸಬೇಡಿ.

ಸಂದೇಶದಲ್ಲಿ ವಾಟ್ಸ್‌ಆ್ಯಪ್ ಕೊಂಡಿ, ಅಂಗಡಿಯ ಫೋನ್ ಸಂಖ್ಯೆ ಹಾಕಬಹುದೇ?

ಮೊದಲೇ ಡಿಎಲ್‌ಟಿಯಲ್ಲಿ ನೋಂದಾಯಿಸಿದ್ದರೆ ಮಾತ್ರ. 2024ರ ಅಕ್ಟೋಬರ್ 1ರಿಂದ ನೋಂದಾಯಿಸದ ಕೊಂಡಿಯಿರುವ ಸಂದೇಶಗಳನ್ನು ಕಂಪನಿಗಳು ತಡೆಯುತ್ತವೆ. ಆ ವರ್ಷದ ದೀಪಾವಳಿಗೆ ಉಪ್ಪಳದ ಒಂದು ಅಂಗಡಿಗೆ ನಾನು ಸಿದ್ಧಮಾಡಿಕೊಟ್ಟ ಸಂದೇಶಗಳು ಒಂದೂ ತಲುಪಲಿಲ್ಲ. ಕೊಂಡಿಯನ್ನು ನೋಂದಾಯಿಸುವುದು ನಾನೇ ಮರೆತಿದ್ದೆ. ಅಂಗಡಿಯವರು ಏನೂ ಅನ್ನಲಿಲ್ಲ, ಚಹಾ ಕೊಟ್ಟು ಕಳುಹಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಯಾವ ಹೊತ್ತಿಗೆ, ಯಾರಿಗೆ ಕಳುಹಿಸಬಹುದು?

ಪ್ರಚಾರ ಸಂದೇಶ ಬೆಳಿಗ್ಗೆ 10ರಿಂದ ರಾತ್ರಿ 9ರ ಒಳಗೆ. ಡಿಎನ್‌ಡಿಯಲ್ಲಿ, ಅಂದರೆ ಪ್ರಚಾರ ಸಂದೇಶ ಬೇಡ ಎಂದವರ ಪಟ್ಟಿಯಲ್ಲಿ, ಇರುವವರಿಗೆ ಅವರ ಒಪ್ಪಿಗೆ ದಾಖಲಾಗದಿದ್ದರೆ ಇಲ್ಲ. ಬೇಡ ಎನ್ನುವ ದಾರಿ ಪ್ರತಿ ಪ್ರಚಾರ ಸಂದೇಶದಲ್ಲೂ ಇರಬೇಕು. ಬೇಡ ಎಂದವರನ್ನು 90 ದಿನ ಮತ್ತೆ ಕೇಳುವಂತಿಲ್ಲ. ಮದುವೆ ಮನೆಯ ಉಡುಗೊರೆ ಪಟ್ಟಿಯಿಂದ, ಸೊಸೈಟಿಯ ಸದಸ್ಯರ ಪುಸ್ತಕದಿಂದ ಎತ್ತಿದ ಸಂಖ್ಯೆಗಳನ್ನು ನನ್ನ ಬಳಿ ತರಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡದ ಮೇಲ್ಮಿತಿ 250 ಕೋಟಿ. ಅಷ್ಟು ನಮ್ಮಂಥವರಿಗೆ ಬೀಳಲಾರದು, ಆದರೆ ಸಂಖ್ಯೆ ಓದಿದಾಗ ಬಾಯಿ ಒಣಗುತ್ತದೆ. ಅದೇ ಕಾಯ್ದೆಯಲ್ಲಿ ನಮಗೆ ಹಿತವಾದ ಒಂದು ಮಾತೂ ಇದೆ: ಒಪ್ಪಿಗೆಯ ಕೋರಿಕೆಯನ್ನು ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಬೇಕು. 18 ತುಂಬದವರನ್ನು ಸ್ಪರ್ಧೆಯಿಂದ ಹೊರಗಿಡುವುದೇ ಕ್ಷೇಮ.

ಗಲ್ಫ್‌ನಲ್ಲಿರುವ ಮಕ್ಕಳ, ಅಳಿಯಂದಿರ ಸಂಖ್ಯೆಗಳು ಪ್ರತಿ ಪಟ್ಟಿಯಲ್ಲೂ ಇರುತ್ತವೆ. ನಮ್ಮ ಡಿಎಲ್‌ಟಿ ಭಾರತದ ಸಂಖ್ಯೆಗಳಿಗೆ. ಅಲ್ಲಿಯ ಕಾನೂನು ಬೇರೆ. 971, 966, 974ರಿಂದ ಶುರುವಾಗುವವನ್ನು ಅಳಿಸಿ.

ತಲಪಾಡಿ ಗಡಿಯ ಆಚೆಯವರೂ ನಮ್ಮ ಗಿರಾಕಿಗಳು. ಮಂಗಳೂರಿನ ಸಿಮ್ ಇದ್ದವರನ್ನು ಸೇರಿಸಬಹುದೇ?

ಸಂದೇಶ ತಲುಪುವುದಕ್ಕೆ ಗಡಿಯಿಲ್ಲ. ಡಿಎಲ್‌ಟಿ ನೋಂದಣಿ ದೇಶಕ್ಕೆಲ್ಲ ಒಂದೇ. ಮಂಜೇಶ್ವರದಲ್ಲಿ ಕುಳಿತವರ ಕೈಯಲ್ಲಿ ಕರ್ನಾಟಕದ ಸಿಮ್ ಇರುವುದು, ಹೊಸಂಗಡಿಯ ಮನೆಗೆ ಮಂಗಳೂರಿನ ಸಂಖ್ಯೆ ಇರುವುದು ಹೊಸದೇನಲ್ಲ. ಸಂಖ್ಯೆ ನೋಡಿ ಮನುಷ್ಯ ಯಾವ ರಾಜ್ಯದವನೆಂದು ಹೇಳಲಾಗದು. ಕಾನೂನಿಗೆ ಮಾತ್ರ ಗಡಿ ಇದೆ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಕೇರಳ ಲಾಟರಿಯ ಟಿಕೆಟ್ಟನ್ನು ಬಹುಮಾನದ ನೆಪದಲ್ಲಿ ಎಸ್‌ಎಂಎಸ್, ವಾಟ್ಸ್‌ಆ್ಯಪ್ ಮೂಲಕ ಆಚೆಗೆ ಮಾರುವ ಉಪಾಯ ಹೇಳಿಕೊಂಡು ಬರುವವರಿದ್ದಾರೆ. ಅದು ಕಾಗದದ ಟಿಕೆಟ್ ಮಾತ್ರ, ಆನ್‌ಲೈನ್ ಮಾರಾಟವೇ ಇಲ್ಲ.

ತಮಿಳುನಾಡಿನ ಗಡಿಯ ಕನ್ನಡಿಗರು, ಹೊಸೂರು, ತಾಳವಾಡಿಯ ಕಡೆಯ ವ್ಯಾಪಾರಿಗಳು, ಇನ್ನೂ ಎಚ್ಚರದಿಂದ ಇರಬೇಕು. ಅಲ್ಲಿ 1979ರ ಬಹುಮಾನ ಯೋಜನೆ ನಿಷೇಧ ಕಾಯ್ದೆ ಇದೆ. ಸಾಮಾನು ಕೊಂಡವರಲ್ಲಿ ಚೀಟಿ ಎತ್ತಿ ಬಹುಮಾನ ಕೊಡುವುದನ್ನೇ ಅದು ಗುರಿಯಿಟ್ಟು ನಿಷೇಧಿಸುತ್ತದೆ. ಬಿಸ್ಕತ್ತು ಪೊಟ್ಟಣದ ಹಿಂದೆ ‘ತಮಿಳುನಾಡಿನಲ್ಲಿ ಅನ್ವಯಿಸುವುದಿಲ್ಲ’ ಎಂಬ ಸಣ್ಣ ಅಕ್ಷರ ನೋಡಿದ್ದರೆ, ಕಾರಣ ಇದು. ನೀವೂ ಷರತ್ತಿನಲ್ಲಿ ಆ ಸಾಲು ಹಾಕಿ.

ಬಹುಮಾನಕ್ಕೆ ತೆರಿಗೆ ಇದೆಯೇ?

ದಾನದ ಎಮ್ಮೆಯ ಹಲ್ಲನ್ನು ಬೇರೆ ಯಾರು ಎಣಿಸದಿದ್ದರೂ ತೆರಿಗೆ ಇಲಾಖೆ ಎಣಿಸುತ್ತದೆ. ಬಹುಮಾನ 10,000 ರೂಪಾಯಿ ದಾಟಿದರೆ ಶೇ 30 ಮೂಲದಲ್ಲೇ ಕಡಿತ. ಲಾಟರಿ ಕಾಯ್ದೆಗೆ ನಿಮ್ಮ ಉಚಿತ ಡ್ರಾ ಲಾಟರಿ ಅಲ್ಲದಿರಬಹುದು. ಆದಾಯ ತೆರಿಗೆಗೆ ಚೀಟಿ ಎತ್ತಿ ಕೊಟ್ಟ ಯಾವ ಬಹುಮಾನವೂ ಲಾಟರಿಯ ಸಾಲಿನಲ್ಲೇ ಬರುತ್ತದೆ. 

ವಸ್ತುರೂಪದ ಬಹುಮಾನದಲ್ಲಿ ಜನ ತಬ್ಬಿಬ್ಬಾಗುತ್ತಾರೆ. 90,000 ರೂಪಾಯಿಯ ಸ್ಕೂಟರ್ ಎಂದರೆ 27,000 ತೆರಿಗೆ. ಸ್ಕೂಟರಿನ ಚಕ್ರ ಬಿಚ್ಚಿ ಕೊಡಲಾಗುವುದಿಲ್ಲವಲ್ಲ; ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೆಯೇ ಕೀಲಿ ಕೈಗೆ ಕೊಡಬೇಕು. ಗೆದ್ದವರು 27,000 ತರಬೇಕೇ, ಅಂಗಡಿಯೇ ಭರಿಸುತ್ತದೆಯೇ ಎಂಬುದನ್ನು ಮೊದಲ ಸಂದೇಶದ ಷರತ್ತಿನಲ್ಲೇ ಹೇಳಿ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡ ಮೇಲೆ ಹೇಳಿದರೆ ಹಾರದ ಬಣ್ಣವೇ ಬದಲಾಗುತ್ತದೆ. ಜೊತೆಗೆ, ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಕಟ್ಟಿದ ಜಿಎಸ್‌ಟಿಯ ಜಮೆ ನಿಮಗೆ ಸಿಗುವುದಿಲ್ಲ. ಮಿಕ್ಸಿ, ಕುಕ್ಕರ್ ಮಟ್ಟದಲ್ಲೇ ನಿಲ್ಲಿಸಿ ಎಂದು ನಾನು ಹೇಳುವುದು ಇದಕ್ಕೇ.

ನಮ್ಮ ಅಂಗಡಿಯ ಹೆಸರಿನಲ್ಲಿ ಬೇರೆ ಯಾರೋ ‘ಕಾರು ಗೆದ್ದಿದ್ದೀರಿ, ಶುಲ್ಕ ಕಟ್ಟಿ’ ಎಂದು ಕಳುಹಿಸುತ್ತಿದ್ದಾರೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಹೋಗಿಲ್ಲದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ದಾಖಲಿಸಿ. ಬರೀ ಕಿರಿಕಿರಿಯ ಪ್ರಚಾರ ಸಂದೇಶವಾದರೆ 1909ಕ್ಕೆ ದೂರು, ಏಳು ದಿನದೊಳಗೆ. ಅಂಗಡಿಯ ಮುಂದೆ ‘ನಾವು ಬಹುಮಾನಕ್ಕೆ ಹಣ ಕೇಳುವುದಿಲ್ಲ’ ಎಂದು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಹಾಕಿ.

ಫಲಿತಾಂಶವನ್ನು ಎಸ್‌ಎಂಎಸ್‌ನಲ್ಲಿ ತಿಳಿಸಿದರೆ ಸಾಕೇ?

ಸಾಲದು. ಗೆಲ್ಲದವರಿಗೂ ಫಲಿತಾಂಶ ತಿಳಿಯಬೇಕು ಎಂಬುದು ಗ್ರಾಹಕ ಕಾಯ್ದೆಯ ಮಾತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರೆ ಅದೇ ಪತ್ರಿಕೆಯಲ್ಲಿ ಎದ್ದು ಕಾಣುವಂತೆ ಪ್ರಕಟಿಸಿ. ಅಂಗಡಿಯ ಬಾಗಿಲಲ್ಲೂ ಅಂಟಿಸಿ, ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ಹಾಕಿ. ಚೀಟಿ ಎತ್ತುವಾಗ ಇಬ್ಬರು ಗಿರಾಕಿಗಳ ಸಹಿ ಪಡೆಯಿರಿ, ಮೊಬೈಲ್‌ನಲ್ಲಿ ಚಿತ್ರೀಕರಿಸಿ.

ಗೆದ್ದವರು ಫೋನ್ ಎತ್ತದಿದ್ದರೆ?

ಈಗ ಹೆಚ್ಚಾಗಿ ಎತ್ತುವುದೇ ಇಲ್ಲ. ಹೋದ ಓಣಂನಲ್ಲಿ ಒಂದು ಮಿಕ್ಸಿ ನೀರ್ಚಾಲಿನ ಹಿರಿಯ ಮಹಿಳೆಯೊಬ್ಬರಿಗೆ ಬಂತು. ಅಂಗಡಿಯಿಂದ ಮೂರು ಸಲ ಕರೆ ಹೋಯಿತು; ‘ನಿಮ್ಮಂಥವರನ್ನು ಬಹಳ ನೋಡಿದ್ದೇನೆ ಮಗಾ’ ಎಂದು ಮೂರು ಸಲವೂ ಕಡಿದರು. ನಾಲ್ಕನೆಯ ದಿನ ಅಂಗಡಿಯ ಹುಡುಗ ಸ್ಕೂಟರಿನ ಹಿಂದೆ ಡಬ್ಬ ಕಟ್ಟಿಕೊಂಡು ಹೋದ. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅವರು ಮಿಕ್ಸಿಯನ್ನು ನೋಡಲೇ ಇಲ್ಲ. ಮೊದಲು ಅವನ ಗುರುತಿನ ಚೀಟಿ ತೋರಿಸಲು ಹೇಳಿ, ಅದರ ಸಂಖ್ಯೆಯನ್ನು ಪಂಚಾಂಗದ ಹಿಂದಿನ ಪುಟದಲ್ಲಿ ಬರೆದುಕೊಂಡು, ಆಮೇಲೆ ಡಬ್ಬವನ್ನು ಜಗಲಿಯ ಮೇಲೆ ಇಡಲು ಹೇಳಿದರು.